ಪಂಡಿತಾ ರಮಾಬಾಯಿಯವರ ಗೃಹವಿಚಾರ

ಪಂಡಿತಾ ರಮಾಬಾಯಿಯವರ (1858–1922) ಹೆಸರು ವಿಧವೆಯರ ಉದ್ಧಾರಕಾರ್ಯದೊಡನೆಯೂ ಮತಾಂತರದ ವಾದವಿವಾದಗಳೊಡನೆಯೂ ಸೇರಿಹೋಗಿರುವುದರಿಂದ, ಗೃಹಧರ್ಮವನ್ನು ಕುರಿತು ಆಕೆ ಮಾಡಿದ ವಿಚಾರವು ಸಾಕಷ್ಟು ಗಮನಕ್ಕೆ ಬಂದಿಲ್ಲ. ಆದರೆ ಆಕೆಯ ಮೊದಲನೆಯ ಗ್ರಂಥವೇ ಗೃಹಿಣಿಯ ಧರ್ಮವನ್ನು ಕುರಿತದ್ದು; ಜೀವಿತದ ಮುಖ್ಯಕಾರ್ಯವೋ ಮನೆಯಿಲ್ಲದವರಿಗೆ ಮನೆ ಕಟ್ಟಿಕೊಟ್ಟದ್ದು. ಈ ಎರಡರ ನಡುವೆ 'ಗೃಹ'ವೆಂಬ ಶಬ್ದದ ಅರ್ಥವು ಆಕೆಯಲ್ಲಿ ಹೇಗೆ ಪರಿಣಾಮ ಹೊಂದಿತೆಂಬುದು ವಿಚಾರಾರ್ಹವಾದ ವಿಷಯವು.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳಕ್ಕೆ ಸೇರಿದ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ತಮ್ಮ ಗುರುಗಳಾದ ರಾಮಚಂದ್ರಶಾಸ್ತ್ರಿ ಸಾಠೆಯವರು ಪೇಶ್ವೆಯ ಪತ್ನಿಗೆ ಸಂಸ್ಕೃತಪಾಠ ಹೇಳುತ್ತಿದ್ದುದನ್ನು ಕಂಡು, ತಾವೂ ತಮ್ಮ ಪತ್ನಿಗೆ ವಿದ್ಯೆ ಕಲಿಸಬೇಕೆಂದು ನಿಶ್ಚಯಿಸಿದರು. ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಯವರಲ್ಲಿ ಆ ಸಂಕಲ್ಪವು ಸಿದ್ಧಿಸಿತು. ಇದಕ್ಕೆ ಆಕ್ಷೇಪ ಬಂದಾಗ ಶಾಸ್ತ್ರಿಗಳು ಉಡುಪಿಯ ವಿದ್ವತ್ಸಭೆಯಲ್ಲಿ ಗ್ರಂಥಾಧಾರಗಳೊಡನೆ ತಮ್ಮ ಪಕ್ಷವನ್ನು ಸಮರ್ಥಿಸಿದರೆಂದು ಮಗಳು ಬರೆದಿರುವರು. ರಮಾಬಾಯಿಯವರು ಜನಿಸಿದ್ದು 1858ನೆಯ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿದ್ದ ತಂದೆಯ ಆಶ್ರಮದಲ್ಲಿ. ಮನೆಗೆಲಸಕ್ಕೆ ಮೊದಲು, ಬೆಳಗಿನ ಜಾವದಲ್ಲಿ, ತಾಯಿಯೇ ಮಗಳಿಗೆ ಪಾಠ ಹೇಳುತ್ತಿದ್ದರು. ಹೀಗೆ ಗೃಹಸುಧಾರಣೆಯು ಆಕೆಗೆ ಸಿದ್ಧಾಂತವಾಗಿ ತಿಳಿಯುವುದಕ್ಕೆ ಮುಂಚೆ ನಿತ್ಯಾಚಾರವಾಗಿಯೇ ದೊರೆಯಿತು.

ಆದರೆ ಆ ಮನೆಯು ಬಹುಕಾಲ ನಿಲ್ಲಲಿಲ್ಲ. ಕುಟುಂಬವು ಪುರಾಣಪ್ರವಚನದಿಂದ ಜೀವಿಸುತ್ತ ತೀರ್ಥಯಾತ್ರೆಯಲ್ಲಿ ಅಲೆಯಿತು. 1870ರ ದಶಕದ ಕ್ಷಾಮದಲ್ಲಿ ತಾಯಿತಂದೆಗಳು ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ 1878ರಲ್ಲಿ ಕಲ್ಕತ್ತೆಗೆ ಬಂದ ರಮಾಬಾಯಿಯವರನ್ನು ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳಿಂದ ಗೌರವಿಸಿದರು. 1880ರಲ್ಲಿ ಅಣ್ಣನು ಮೃತನಾದನು. ಅದೇ ವರ್ಷ ಬಿಪಿನ್ ಬಿಹಾರಿ ದಾಸರೊಡನೆ ವಿವಾಹವಾಯಿತು. 1882ರಲ್ಲಿ ಪತಿಯೂ ತೀರಿಕೊಂಡರು. ಆಗ ಆಕೆಗೆ ವಯಸ್ಸು 23, ಕೈಯಲ್ಲಿ ಎಳೆಯ ಮಗಳು.

ಆ ವರ್ಷವೇ ಪುಣೆಯಲ್ಲಿ ಆರ್ಯಮಹಿಳಾಸಮಾಜವು ಸ್ಥಾಪಿತವಾಯಿತು. ಮರಾಠಿಯಲ್ಲಿ 'ಸ್ತ್ರೀಧರ್ಮನೀತಿ'ಯು ಪ್ರಕಟವಾಯಿತು. ಸ್ವಾವಲಂಬನ, ವಿದ್ಯೆ, ವಿನಯ, ಪಕ್ವವಯಸ್ಸಿನ ವಿವಾಹ, ಗೃಹಕೃತ್ಯಗಳ ಕ್ರಮ, ಶಿಶುಪಾಲನೆ, ಇವು ಅದರ ವಿಷಯಗಳು. ಭಾಷೆ ಸಂಸ್ಕೃತಭೂಯಿಷ್ಠವಾದುದು, ಧಾಟಿಯು ಉಪದೇಶದ್ದು, ಅಲ್ಲಲ್ಲಿ ಗದರಿಕೆಯದೂ ಹೌದು. ಸ್ತ್ರೀಯರ ದುಃಸ್ಥಿತಿಗೆ ಅವರ ಅಜ್ಞಾನ ಆಲಸ್ಯಗಳೂ ಕಾರಣವೆಂದೂ, ಅವರೇ ಎಚ್ಚತ್ತು ಮನೆಯನ್ನು ತಿದ್ದಿಕೊಳ್ಳಬೇಕೆಂದೂ ಗ್ರಂಥದ ಅಭಿಪ್ರಾಯ.

ಇದರಿಂದ ಲೇಖಕಿಯು ಪುರುಷರ ದೋಷವನ್ನು ಅರಿಯದವಳಾಗಿದ್ದಳೆಂದು ಊಹಿಸುವುದು ಸರಿಯಲ್ಲ. ಅದೇ 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿಯುತ್ತ, ವಿದ್ಯಾವಂತ ಪುರುಷರಲ್ಲಿ 100ಕ್ಕೆ 99 ಮಂದಿ ಸ್ತ್ರೀಶಿಕ್ಷಣಕ್ಕೆ ವಿರೋಧಿಗಳೆಂದು ಆಕೆ ಸ್ಪಷ್ಟವಾಗಿ ಹೇಳಿದರು. ಉಪಾಧ್ಯಾಯಿನಿಯರೂ ಸ್ತ್ರೀವೈದ್ಯರೂ ಬೇಕೆಂದು ಕೇಳಿದರು. ಆದುದರಿಂದ 'ಸ್ತ್ರೀಧರ್ಮನೀತಿ'ಯ ಧಾಟಿಯನ್ನು ಅಧಿಕಾರಿಭೇದದಿಂದ ಅರ್ಥಮಾಡಿಕೊಳ್ಳಬೇಕು: ಆಯೋಗಕ್ಕೆ ಹೇಳತಕ್ಕದ್ದು ಬೇರೆ, ಗೃಹಿಣಿಗೆ ಹೇಳತಕ್ಕದ್ದು ಬೇರೆ.

ಆ ಪುಸ್ತಕದ ಮಾರಾಟದಿಂದ ಬಂದ ಹಣವು 1883ರ ಇಂಗ್ಲೆಂಡ್ ಪ್ರಯಾಣಕ್ಕೆ ಒದಗಿತು. ಅಲ್ಲಿಯೇ ಆಕೆ ಕ್ರೈಸ್ತಮತವನ್ನು ಸ್ವೀಕರಿಸಿದರು. ಬಳಿಕ ಅಮೆರಿಕೆಯಲ್ಲಿ 1887ರಲ್ಲಿ ಪ್ರಕಟವಾದ 'ದಿ ಹೈ-ಕಾಸ್ಟ್ ಹಿಂದೂ ವುಮನ್' ಎಂಬ ಇಂಗ್ಲಿಷ್ ಗ್ರಂಥದಲ್ಲಿ ವಿಷಯವು ಅದೇ ಮನೆಯಾದರೂ ದೃಷ್ಟಿಯು ಬೇರೆ. ಬಾಲ್ಯ, ವಿವಾಹ, ವೈಧವ್ಯ ಎಂಬ ಅವಸ್ಥೆಗಳನ್ನು ಕ್ರಮವಾಗಿ ನಿರೂಪಿಸಿ, ಮನುವಿನ ವಚನಗಳನ್ನು ಆಕ್ಷೇಪಕ್ಕೆ ಗುರಿಮಾಡಿ, ಗೃಹಿಣಿಯ ಸ್ಥಿತಿಯು ಆಕೆಯ ಗುಣದೋಷಗಳಿಂದಲ್ಲ, ವಿಧಿನಿಷೇಧಗಳಿಂದಲೂ ರೂಢಿಯಿಂದಲೂ ಉಂಟಾದುದೆಂದು ಅಲ್ಲಿ ತೋರಿಸಿರುವರು. ಮೊದಲನೆಯ ಗ್ರಂಥದಲ್ಲಿ ಗೃಹವು ಕರ್ತವ್ಯ. ಎರಡನೆಯದರಲ್ಲಿ ಅದು ವ್ಯವಸ್ಥೆ.

ಮೂರನೆಯ ಅರ್ಥವು ಗ್ರಂಥರೂಪದಲ್ಲಿಲ್ಲ, ಕಾರ್ಯರೂಪದಲ್ಲಿದೆ. 1889ನೆಯ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾಸದನವು ತೆರೆಯಿತು. ಮುಂದಿನ ವರ್ಷ ಅದು ಪುಣೆಗೆ ಬಂದಿತು. ಅಲ್ಲಿ ಸೇರಿದ ಮೊದಲ ವಿಧವೆ ಗೋದೂಬಾಯಿಯವರೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ವಿದ್ಯಾರ್ಥಿನಿಯರು ತಮ್ಮ ಜಾತಿಯ ಮಡಿಮೈಲಿಗೆಗಳನ್ನು ಪಾಲಿಸುವುದಕ್ಕೆ ಅವಕಾಶವಿತ್ತು. ಆದರೂ ಕೆಲವು ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಸೇರುತ್ತಿದ್ದರೆಂಬ ಕಾರಣದಿಂದ 1893ರಲ್ಲಿ ಪ್ರಬಲವಾದ ವಿರೋಧವೆದ್ದು, ರಾನಡೆ, ಭಾಂಡಾರಕರ್ ಮೊದಲಾದವರು ಸಲಹಾಮಂಡಲಿಯನ್ನು ಬಿಟ್ಟರು; ಅನೇಕ ಹುಡುಗಿಯರನ್ನು ಪೋಷಕರು ಕರೆದುಕೊಂಡು ಹೋದರು. ಮನೆಯ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟು ಮನೆಯೊಡತಿಯ ನಂಬಿಕೆಯನ್ನು ಮಾತ್ರ ಹೊರಗಿಡುವುದು ಎಷ್ಟು ಕಠಿನವೆಂಬುದಕ್ಕೆ ಈ ಪ್ರಸಂಗವು ನಿದರ್ಶನವು. ವಿರೋಧಿಸಿದವರ ಆತಂಕವೂ ನಿರಾಧಾರವಾದುದಲ್ಲ. ಹೊರಗೆ ಹೋದ ಹುಡುಗಿಯರ ನಷ್ಟವೂ ಅಲ್ಪವಲ್ಲ. ಅನಂತರ ಕೇಡಗಾಂವಿಯಲ್ಲಿ ಬೆಳೆದ ಮುಕ್ತಿಸದನವು ಕ್ಷಾಮಪೀಡಿತೆಯರಾದ ಬಹು ಸ್ತ್ರೀಯರಿಗೆ ಅನ್ನವನ್ನೂ ಅಕ್ಷರವನ್ನೂ ಕೈಕಸುಬನ್ನೂ ಕೊಟ್ಟಿತು. 1922ನೆಯ ಏಪ್ರಿಲ್ 5ರಂದು ರಮಾಬಾಯಿಯವರು ಅಲ್ಲಿಯೇ ದೇಹವನ್ನು ಬಿಟ್ಟರು.

'ಸ್ತ್ರೀಧರ್ಮನೀತಿ'ಯನ್ನು ಹಳೆಯ ಕಾಲದ ಉಪದೇಶಗ್ರಂಥವೆಂದು ಬದಿಗಿಟ್ಟು, 1887ರ ಗ್ರಂಥವೊಂದನ್ನೇ ಓದುವ ಪದ್ಧತಿಯುಂಟು. ಅದು ಉಚಿತವಲ್ಲ. ತನ್ನ ಕಾಲಮೇಲೆ ತಾನು ನಿಲ್ಲಬೇಕೆಂದು ಗೃಹಿಣಿಗೆ ಮೊದಲು ಹೇಳಿದವರೇ, ನಿಲ್ಲುವುದಕ್ಕೆ ನೆಲವಿಲ್ಲದವರನ್ನು ಕಂಡಮೇಲೆ, ಆ ನೆಲವನ್ನು ಒದಗಿಸಲು ಹೊರಟರು. ಉಪದೇಶದ ಮಿತಿಯನ್ನು ಅನುಭವದಿಂದ ಅರಿತ ಉಪದೇಶಕಿಯ ಚರಿತ್ರೆಯು ಈ ಎರಡು ಗ್ರಂಥಗಳನ್ನು ಜೊತೆಯಲ್ಲಿಟ್ಟು ಓದಿದಾಗಲೇ ಪೂರ್ಣವಾಗಿ ತಿಳಿಯುವುದು.