ಕೋಟೆಯ ಕ್ರಯ, ಕೋಟೆಯ ಖರ್ಚು

ಐರ್ಲೆಂಡಿನ ಕಾಂಗ್ ಗ್ರಾಮದ ಬಳಿ, ಕೊರಿಬ್ ಸರೋವರದ ದಡದಲ್ಲಿರುವ ಆಶ್‌ಫರ್ಡ್ ಕೋಟೆಯ ಮೂಲ 1228ನೆಯ ಇಸವಿಯದು. 1852ರಲ್ಲಿ ಮದ್ಯೋದ್ಯಮಿ ಗಿನ್ನೆಸ್ ಮನೆತನದ ಸ್ವತ್ತಾದ ಇದು 1939ರಲ್ಲಿ ಹೋಟೆಲಾಯಿತು. ಇಲ್ಲಿ ತಂಗುವವರು ಹಣ ತೆರುವುದು ಕೇವಲ ಕೊಠಡಿಗಲ್ಲ. ದೋಣಿವಿಹಾರ, ಡೇಗೆ ಹಾರಿಸುವ ಪಾಠ, ಕೋಟೆಯೊಳಗಿನ ಸಂಜೆಯ ಚಹಾ, ಎಲ್ಲಕ್ಕಿಂತ ಮಿಗಿಲಾಗಿ ಒಂದೆರಡು ದಿನದ ದೊರೆತನಕ್ಕೆ!

ಆದರೆ ವೈಭವವೊಂದೇ ಸಾಲ ತೀರಿಸದು. 2007ರಲ್ಲಿ ಸುಮಾರು 5 ಕೋಟಿ ಯೂರೋಗಳಿಗೆ ಮಾರಾಟವಾಗಿದ್ದ ಕೋಟೆಯು 2011ರಲ್ಲಿ ರಿಸೀವರ್ ವಶಕ್ಕೆ ಹೋಯಿತು. 2013ರಲ್ಲಿ ರೆಡ್ ಕಾರ್ನೇಷನ್ ಸಮೂಹವು ಅದನ್ನು ಸುಮಾರು 2 ಕೋಟಿ ಯೂರೋಗಳಿಗೆ ಕೊಂಡಿತು. ಅಗ್ಗವೆನ್ನಬೇಡಿ: ಛಾವಣಿ, ಕಿಟಕಿ, ಕೊಠಡಿಗಳ ಜೀರ್ಣೋದ್ಧಾರಕ್ಕೆ ಅವರು ತೊಡಗಿಸಿದ ಬಂಡವಾಳವು ಕ್ರಯದ ಹಣವನ್ನು ಬಹುವಾಗಿ ಮೀರಿತು.