ಕಾರು ಹಳೆಯದು, ಕಾಗದ ಎಲ್ಲಿದೆ?

‘ಟೂರಿಂಗ್ ಬಾಡಿ, ಆರು ಸಿಲಿಂಡರ್, ಎಂಜಿನ್ ಮೂಲದ್ದೇ, ಸಂಸ್ಥಾನಿಕರು ಬಳಸಿದ್ದು.’ ನೂರು ವರ್ಷದ ಹತ್ತಿರ ಬಂದ ಐಷಾರಾಮಿ ಕಾರೊಂದು ಸಂಗ್ರಾಹಕರ ಮಾರುಕಟ್ಟೆಗೆ ಬಂದಾಗ ಅದರ ವಿವರ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬೆಲೆ ಬರೆದಿರುವುದಿಲ್ಲ, ಅದು ಎದುರು ಕೂತು ಆಡುವ ಮಾತು. ಮೊದಲ ಮೂರು ಸಂಗತಿಗಳನ್ನು ಬಾನೆಟ್ ಎತ್ತಿ, ಅಡಿಯಲ್ಲಿ ಮಲಗಿ, ಟಾರ್ಚ್ ಬಿಟ್ಟು ನೋಡಿಕೊಳ್ಳಬಹುದು. ನಾಲ್ಕನೆಯದನ್ನು ನಂಬಬೇಕಾದರೆ ಕಾಗದ ಬೇಕು. ಈ ವ್ಯವಹಾರದಲ್ಲಿ ಪಳಗಿದವರು ಬಣ್ಣದ ಹೊಳಪನ್ನು ಆಮೇಲೆ ನೋಡುತ್ತಾರೆ, ಕಾಗದವನ್ನು ಮೊದಲು ಕೇಳುತ್ತಾರೆ.

ನಮ್ಮ ಹಿಪ್ಪರಗಿ, ಜಮಖಂಡಿ, ಮುಧೋಳದ ಕಡೆ ‘ಸಂಸ್ಥಾನಿಕರದ್ದು’ ಎಂಬ ಮಾತನ್ನು ಯಾರೂ ಕಟ್ಟುಕತೆ ಎಂದು ತಳ್ಳಿಹಾಕುವಂತಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಾಮದುರ್ಗದಲ್ಲಿ ಭಾವೆಯವರು. ಕೃಷ್ಣೆ ದಾಟಿದರೆ ಮಿರಜ, ಸಾಂಗಲಿ, ಕುರುಂದವಾಡ, ಇನ್ನೂ ಮುಂದೆ ಕೊಲ್ಹಾಪುರ. ಒಂದು ದಿನದ ಪ್ರಯಾಣದೊಳಗೆ ಇಷ್ಟು ದರಬಾರುಗಳು. ಹಾಗಾಗಿಯೇ ಈ ಸೀಮೆಯ ಹೆಸರು ಹೇಳಿ ಕಾರು ಮಾರುವುದು ಸುಲಭ, ಹೇಳಿದ್ದನ್ನು ರುಜುವಾತು ಮಾಡುವುದು ಕಷ್ಟ.

ಟೂರಿಂಗ್ ಕಾರು ಅಂದರೆ ಗಟ್ಟಿ ಛಾವಣಿ ಇಲ್ಲದ, ನಾಲ್ಕೈದು ಮಂದಿ ಕೂರುವ, ಉದ್ದನೆಯ ತೆರೆದ ಬಂಡಿ. ಮಳೆ ಬಂತೋ, ಹಿಂದೆ ಮಡಿಸಿಟ್ಟ ಕ್ಯಾನ್ವಾಸ್ ಹುಡ್ಡನ್ನು ಇಬ್ಬರು ಹಿಡಿದು ಮುಂದಕ್ಕೆ ಎಳೆಯಬೇಕು, ಬದಿಯ ಪರದೆಗಳಿಗೆ ಗುಂಡಿ ಹಾಕಬೇಕು. ಅಷ್ಟರಲ್ಲಿ ಒಳಗಿದ್ದವರೆಲ್ಲ ತೊಯ್ದಿರುತ್ತಾರೆ. ಆದರೂ ನಮ್ಮ ದೇಶದ ರಾಜರು ಇದನ್ನೇ ಮೆಚ್ಚಿದರು. ಮೆರವಣಿಗೆಯಲ್ಲಿ ಜನ ರಾಜನನ್ನು ನೋಡಬೇಕು, ರಾಜ ಜನರಿಗೆ ಕಾಣಬೇಕು. ಶಿಕಾರಿಗೆ ಹೋದಾಗ ಎದ್ದು ನಿಂತು ಗುರಿ ಹಿಡಿಯಬಹುದು.

ಟೂರಿಂಗ್ ಎಂಬುದು ಬಾಡಿಯ ಜಾತಿಯೇ ಹೊರತು ಶ್ರೀಮಂತಿಕೆಯ ಗುರುತಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ‘ಟಿ’ಯಲ್ಲಿ ಟೂರಿಂಗ್ ಬಾಡಿಯದೇ ದೊಡ್ಡ ಪಾಲು, ಅದರ ಎಂಜಿನ್ ಇಪ್ಪತ್ತು ಅಶ್ವಶಕ್ತಿಯದು. ಹೆಚ್ಚುಕಡಿಮೆ ಅದೇ ಕಾಲದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ಗೆ ಏಳು ಲೀಟರ್ ದಾಟುವ ಆರು ಸಿಲಿಂಡರ್ ಎಂಜಿನ್. ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಸೇರಿಸಿದರೂ ಅವು ಎಂಟು ಸಾವಿರ ಮುಟ್ಟಲಿಲ್ಲ. ಹಳ್ಳಿಯ ಕಣ್ಣಿಗೆ ಎರಡೂ ‘ಮೋಟಾರು’ಗಳೇ.

ರೋಲ್ಸ್ ರಾಯ್ಸ್ ಹಿಂದೂಸ್ತಾನದ ರಾಜರ ಬಾಯಲ್ಲಿ ಮನೆಮಾತಾದದ್ದು ನಮ್ಮ ಪಕ್ಕದ ರಸ್ತೆಯಿಂದ ಎಂಬುದು ಇಲ್ಲಿಯವರಿಗೇ ಅಷ್ಟಾಗಿ ಗೊತ್ತಿಲ್ಲ. 1908ರಲ್ಲಿ ಮುಂಬೈ–ಕೊಲ್ಹಾಪುರ ದಾರಿಯಲ್ಲಿ ಕಾರುಗಳ ಒಂದು ಪರೀಕ್ಷಾ ಓಟ ನಡೆಯಿತು. ಹೋಗಿಬರುವುದಕ್ಕೆ 620 ಮೈಲಿ, ನಡುವೆ ಸಾಲು ಘಟ್ಟಗಳು. ಕಂಪನಿ ಕಳಿಸಿದ ಸಿಲ್ವರ್ ಘೋಸ್ಟ್ ಎಲ್ಲೂ ಕೆಟ್ಟು ನಿಲ್ಲದೆ ಮುಗಿಸಿತು. ‘ಪರ್ಲ್ ಆಫ್ ದಿ ಈಸ್ಟ್’ ಎಂದು ಹೆಸರಾದ ಆ ಕಾರನ್ನು ಗ್ವಾಲಿಯರ್‌ನ ಮಾಧವರಾವ್ ಸಿಂಧಿಯಾ ಕೊಂಡರು. ಒಬ್ಬ ರಾಜ ಕೊಂಡ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ?

ಎಲ್ಲ ದರಬಾರಿಗೂ ಆ ದುಡ್ಡು ಇರಲಿಲ್ಲ, ಎಲ್ಲ ರಸ್ತೆಗೂ ಆ ಕಾರು ಹೊಂದುತ್ತಲೂ ಇರಲಿಲ್ಲ. ಕೃಷ್ಣೆಯ ದಂಡೆಯ ಎರಿ ಮಣ್ಣು ಮಳೆಗಾಲದಲ್ಲಿ ಎತ್ತಿನ ಕಾಲನ್ನೇ ಹಿಡಿದುಕೊಳ್ಳುತ್ತದೆ. ನೆಲದಿಂದ ಎತ್ತರಕ್ಕೆ ನಿಂತ, ಬೆಲೆಯಲ್ಲಿ ಅಗ್ಗವಾದ ಅಮೆರಿಕದ ಟೂರಿಂಗ್ ಕಾರುಗಳು ಇಂಥ ಸೀಮೆಗೆ ಸರಿಯಾದವು. ಜನರಲ್ ಮೋಟರ್ಸ್ 1928ರಲ್ಲಿ ಮುಂಬೈಯ ಶಿವಡಿಯಲ್ಲೇ ಕಾರು ಜೋಡಿಸಲು ಶುರುಮಾಡಿದ ಮೇಲಂತೂ ಅವುಗಳ ಸಂಖ್ಯೆ ಏರಿತು. ಇಂದು ‘ಸಂಸ್ಥಾನದ ಕಾರು’ ಅಂದಕೂಡಲೇ ರೋಲ್ಸ್ ರಾಯ್ಸ್ ನೆನೆಸಿಕೊಳ್ಳುವವರು ಬ್ಯೂಕನ್ನೋ ಡಾಡ್ಜನ್ನೋ ಕೀಳಾಗಿ ಕಾಣುತ್ತಾರೆ. ನನ್ನ ಮಟ್ಟಿಗೆ ಈ ನೆಲದ ಕತೆ ಹೆಚ್ಚಾಗಿ ಇರುವುದು ಅವುಗಳಲ್ಲೇ.

ಇನ್ನು ಕಾರಿನ ಮೈ ಹತ್ತಿರದಿಂದ ನೋಡೋಣ. ಇಪ್ಪತ್ತರ ದಶಕದ ಅನೇಕ ಟೂರಿಂಗ್ ಕಾರುಗಳ ಗಾಲಿ ಕಟ್ಟಿಗೆಯದು. ನಡುವಿನ ಲೋಹದ ಬಿಲ್ಲೆಗಳ ನಡುವೆ ಅರಗಳ ಬುಡಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿ ಬೋಲ್ಟ್ ಬಿಗಿದಿರುತ್ತಾರೆ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಕುಗ್ಗಿದರೆ ಅರ ಸಡಿಲವಾಗಿ ಕಿರ್ರೆನ್ನುತ್ತದೆ, ಚಕ್ಕಡಿಯ ಗಾಲಿಯ ಹಾಗೆಯೇ. ಬಾಗಿಲು, ಬದಿಯ ತಗಡಿನ ಒಳಗೂ ಕಟ್ಟಿಗೆಯ ಚೌಕಟ್ಟೇ ಇರುವುದು. ಹೊರಗೆ ಬಣ್ಣ ಕನ್ನಡಿಯಂತಿದ್ದು ಒಳಗೆ ಗೆದ್ದಲು ಮನೆ ಮಾಡಿರಬಹುದು. ಬಾಗಿಲನ್ನು ತೆರೆದು ಮೇಲೆತ್ತಿ ನೋಡಿದರೆ ಅದರ ಜೋಲಿಯಿಂದಲೇ ತಿಳಿಯುತ್ತದೆ.

ಎಂಜಿನ್ನಿನಲ್ಲಿ ಈಗಿನಂತೆ ಅಂಗಡಿಯಿಂದ ತಂದು ಹಾಕುವ ಬೇರಿಂಗ್ ಇಲ್ಲ. ತವರ ಹೆಚ್ಚಿರುವ ವೈಟ್ ಮೆಟಲ್ ಕರಗಿಸಿ ಕನೆಕ್ಟಿಂಗ್ ರಾಡಿನ ಬಾಯಿಗೆ ಎರಕ ಹೊಯ್ದು, ಆರಿದ ಮೇಲೆ ಕೈಯಿಂದ ಕೆರೆದು ಹದಕ್ಕೆ ತರಬೇಕು. ಹೊಳೆಯಿಂದ ಹೊಲಕ್ಕೆ ನೀರೆತ್ತುತ್ತಿದ್ದ ಹಳೆ ಆಯಿಲ್ ಎಂಜಿನ್‌ಗಳನ್ನು ಬಿಚ್ಚಿ ಕಟ್ಟಿದ ಲೇಥಿನವರಿಗೆ ಈ ಕೆಲಸ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿ ಇದೇ ಕೃಷ್ಣಾ ಕೊಳ್ಳದಲ್ಲಿದೆ. ಕಬ್ಬಿಣದ ಕೆಲಸದ ಕಸುಬು ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಹಳೆ ಕಾರು ಕೊಂಡವರು ಇಂಥ ಕೈಗಳನ್ನು ಹುಡುಕುವುದು ಬಿಟ್ಟು ಎಲ್ಲವನ್ನೂ ವಿದೇಶದಿಂದ ತರಿಸಲು ಹೊರಡುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಚಾಲೂ ಮಾಡುವುದಕ್ಕೂ ಒಂದು ಶಿಸ್ತಿದೆ. ಸ್ಟಿಯರಿಂಗ್ ಮೇಲಿನ ಸಣ್ಣ ಹಿಡಿಕೆಯಿಂದ ಕಿಡಿ ಹಾರುವ ವೇಳೆಯನ್ನು ಹಿಂದಕ್ಕೆ ಸರಿಸಬೇಕು. ಆಮೇಲೆ ಮುಂದೆ ಹೋಗಿ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಬದಿಗೇ ಇಟ್ಟುಕೊಳ್ಳಬೇಕು. ಸುತ್ತಿ ಹಿಡಿದರೆ, ಎಂಜಿನ್ ಹಿಮ್ಮುಖ ಒದ್ದಾಗ ಹೆಬ್ಬೆರಳು ಮುರಿಯುತ್ತದೆ.

ಸರಿ, ಕಾಗದಕ್ಕೆ ಯಾಕಿಷ್ಟು ಮಹತ್ವ? ಆಗಿನ ಅನೇಕ ಐಷಾರಾಮಿ ಕಾರು ಕಂಪನಿಗಳು ಇಡೀ ಕಾರು ಮಾರುತ್ತಿರಲಿಲ್ಲ. ರೋಲ್ಸ್ ರಾಯ್ಸ್ ಕೊಡುತ್ತಿದ್ದದ್ದು ಎಂಜಿನ್ ಕೂರಿಸಿದ ಚಾಸಿ ಮಾತ್ರ. ಬಾಡಿ ಕಟ್ಟುವವರು ಬೇರೆ: ಲಂಡನ್ನಿನ ಬಾರ್ಕರ್, ಹೂಪರ್, ನಮ್ಮಲ್ಲಿ ಮದರಾಸಿನ ಸಿಂಪ್ಸನ್. ಬಾಡಿ ಕಳಚಿ ಇನ್ನೊಂದನ್ನು ಕೂರಿಸುವುದು ಅಂದೂ ನಡೆಯುತ್ತಿತ್ತು, ಇಂದೂ ನಡೆಯುತ್ತದೆ. ಮುಚ್ಚಿದ ಲಿಮೋಸಿನ್‌ಗಿಂತ ತೆರೆದ ಟೂರಿಂಗ್‌ಗೆ ಸಂಗ್ರಾಹಕರು ಹೆಚ್ಚು ಕೊಡುವುದರಿಂದ, ಮುಚ್ಚಿದ್ದನ್ನು ಕಿತ್ತು ಹೊಸದಾಗಿ ಟೂರಿಂಗ್ ಬಾಡಿ ಕಟ್ಟಿಸಿ ‘ಮೂಲದ್ದೇ’ ಎನ್ನುವವರುಂಟು. ಇದನ್ನು ಹಿಡಿಯಲು ದಾರಿ ಚಾಸಿ ನಂಬರು. ರೋಲ್ಸ್ ರಾಯ್ಸ್‌ನ ಪ್ರತಿ ಚಾಸಿಗೂ ಕಂಪನಿ ದಾಖಲೆ ಬರೆದಿಟ್ಟಿದೆ: ಯಾರಿಗೆ ಹೋಯಿತು, ಬಾಡಿ ಕಟ್ಟಿದವರು ಯಾರು ಎಲ್ಲ. ಅದರ ನಕಲು ಇಂಗ್ಲೆಂಡಿನ ಪಾಲರ್ಸ್‌ಪರಿಯಲ್ಲಿರುವ ರೋಲ್ಸ್ ರಾಯ್ಸ್ ಅಭಿಮಾನಿಗಳ ಕ್ಲಬ್ಬಿನಲ್ಲಿ ಸಿಗುತ್ತದೆ.

ನಮ್ಮ ಸಣ್ಣ ಸಂಸ್ಥಾನಗಳ ಕಾರಿಗೆ ಆ ಭಾಗ್ಯವಿಲ್ಲ. 1948ರಲ್ಲಿ ಜಮಖಂಡಿ, ಮುಧೋಳ ಮುಂಬೈ ಪ್ರಾಂತಕ್ಕೆ ಸೇರಿದವು. 1971ರಲ್ಲಿ ರಾಜಧನ ನಿಂತಿತು. ದೇಶದ ಎಷ್ಟೋ ವಾಡೆಗಳಿಂದ ಕಾರುಗಳು ಹೊರಟವು. ದೊಡ್ಡವು ಹಡಗು ಹತ್ತಿದವು, ಸಣ್ಣವು ಬಾಡಿಗೆ ಗಾಡಿಗಳಾಗಿ ಕೊನೆಗೆ ಗುಜರಿಯವನ ತಕ್ಕಡಿ ಹತ್ತಿದವು. ರಾಜಕೋಟದ ದೊರೆ 1934ರಲ್ಲಿ ಮಾಡಿಸಿದ ‘ಸ್ಟಾರ್ ಆಫ್ ಇಂಡಿಯಾ’ ಎಂಬ ಕೇಸರಿ ಬಣ್ಣದ ತೆರೆದ ರೋಲ್ಸ್ ರಾಯ್ಸ್ ಫ್ಯಾಂಟಮ್ ಅರವತ್ತರ ದಶಕದ ಕೊನೆಗೆ ಪರದೇಶಕ್ಕೆ ಹೋಗಿ, ದಶಕಗಳ ನಂತರ ಅದೇ ಮನೆತನಕ್ಕೆ ಮರಳಿತು. ಅಂಥ ಅದೃಷ್ಟ ಅಪರೂಪ. 1950ಕ್ಕೆ ಮುಂಚಿನ ಕಾರುಗಳನ್ನಷ್ಟೇ ಅಲ್ಲ, ಅವುಗಳ ಬಿಡಿಭಾಗಗಳನ್ನೂ ಹೊರದೇಶಕ್ಕೆ ಕಳಿಸುವುದಕ್ಕೆ ಸರ್ಕಾರ ಕಡಿವಾಣ ಹಾಕಿದೆ. ಹಾಗಾಗಿ ಇಂದು ಮಾರುವವನೂ ಕೊಳ್ಳುವವನೂ ಬಹುಪಾಲು ಇಲ್ಲಿಯವರೇ.

ಕೊಂಡ ಮೇಲಿನ ನಿಯಮಗಳು 2021ರ ಜುಲೈಯಲ್ಲಿ ಸ್ಪಷ್ಟವಾದವು. ವಿಂಟೇಜ್ ಎನಿಸಿಕೊಳ್ಳಲು ಕಾರು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಲಾಗೂ, ನವೀಕರಣಕ್ಕೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಸೇರುತ್ತದೆ; ಹಳೆ ನಂಬರು ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸಲು ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಕೈ ಬದಲಾದರೆ 90 ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕು. ಮದುವೆ ದಿಬ್ಬಣಕ್ಕೆ ಬಿಟ್ಟು ಹಾಕಿದ ದುಡ್ಡು ಎತ್ತುತ್ತೇನೆ ಎನ್ನುವವರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಇಂಥ ಕಾರುಗಳನ್ನು ನೋಡಿ ಬರಬೇಕೆಂದರೆ ದಾರಿ ದೂರವಿಲ್ಲ. ಕೊಲ್ಹಾಪುರದ ಛತ್ರಪತಿ ಮನೆತನದಲ್ಲಿ ಮೂವತ್ತರ ದಶಕದ ಮೇಬ್ಯಾಕ್ ಕಾರೊಂದಿದೆ. ಜರ್ಮನಿಯ ಜೆಪ್ಪೆಲಿನ್ ಹವಾನೌಕೆಗಳಿಗೆ ಎಂಜಿನ್ ಮಾಡುತ್ತಿದ್ದ ಆ ಕಂಪನಿ ಎರಡನೇ ಮಹಾಯುದ್ಧಕ್ಕೆ ಮುಂಚೆ ತಯಾರಿಸಿದ ಕಾರುಗಳು ಎರಡು ಸಾವಿರವೂ ಇಲ್ಲ. ಅದು ಗಾಜಿನ ಹಿಂದೆ ಕೂತಿಲ್ಲ. ವಿಜಯದಶಮಿಯಂದು ಮನೆಯವರನ್ನು ಕೂರಿಸಿಕೊಂಡು ದಸರಾ ಚೌಕಕ್ಕೆ ಬರುತ್ತದೆ. ದಕ್ಷಿಣಕ್ಕೆ ಹೋದರೆ, ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಹಾಕಿದ ಕಾರುಗಳಿಗಾಗಿ 2023ರಲ್ಲಿ ಶ್ರೀರಂಗಪಟ್ಟಣದ ಬಳಿ, ಮೈಸೂರು ರಸ್ತೆಯಲ್ಲಿ ‘ಪಯಣ’ ಎಂಬ ವಸ್ತುಸಂಗ್ರಹಾಲಯ ತೆರೆದಿದೆ. ಮಕ್ಕಳನ್ನು ಕರೆದೊಯ್ಯಲು ‘ಪಯಣ’ ಚೆನ್ನ. ಎಂಜಿನ್ನಿನ ಸದ್ದು ಕೇಳಬೇಕೆಂದರೆ ಕೊಲ್ಹಾಪುರದ ದಸರೆಯೇ ಆಗಬೇಕು.

ಇನ್ನು ಯಾವುದಾದರೂ ವಾಡೆಯ ದನದ ಕೊಟ್ಟಿಗೆಯಲ್ಲಿ ಹಳೆ ಕಾರು ಸಿಕ್ಕಿತೆನ್ನಿ. ತೊಳೆಯುವುದು, ಬಣ್ಣ ಕೆರೆಯುವುದು ಆಮೇಲೆ. ಮೊದಲು ಇದ್ದ ಹಾಗೆಯೇ ಫೋಟೊ ತೆಗೆಯಿರಿ. ಹಳೆ ನಂಬರ್ ಪ್ಲೇಟ್, ವಿಮೆಯ ಚೀಟಿ, ಪೆಟ್ರೋಲ್ ಲೆಕ್ಕದ ಪುಸ್ತಕ, ಕಾರಿನ ಜೊತೆ ಮನೆಯವರು ನಿಂತ ಪಟ, ಯಾವುದನ್ನೂ ರದ್ದಿಗೆ ಹಾಕಬೇಡಿ. ಚಾಸಿಯ ಮೇಲೆ ನಂಬರು ಕೊರೆದ ಜಾಗದ ಜಿಡ್ಡನ್ನು ಬಟ್ಟೆಯಿಂದ ಒರೆಸಿ ಸೀಮೆಸುಣ್ಣ ಉಜ್ಜಿದರೆ ಅಂಕಿ ಬಿಳಿಯಾಗಿ ಏಳುತ್ತದೆ. ಅಂಕಿಯ ಸುತ್ತ ಗ್ರೈಂಡರ್ ಗೀರು ಕಂಡರೆ, ಮಾರುವವರು ಎಂಥ ದೊಡ್ಡವರೇ ಇರಲಿ, ಸಂಚಕಾರ ಕೊಡಬೇಡಿ.