ಹೊಲ ನಿವೇಶನವಾಗುವಾಗ ಬದುವಿನ ಮರದ ಗತಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಊರುಗಳ ಅಂಚಿನ ಹೊಲಗಳು ಈಗ ನಿವೇಶನಗಳಾಗುತ್ತಿವೆ. ಹೊಲದ ಬೆಲೆ ಮಾತಾಡುವಾಗ ಬದುವಿನ ಹುಣಸೆ, ಬೇವು, ಬನ್ನಿ, ಹೊಂಗೆ ಮರಗಳ ಮಾತು ಯಾರೂ ಎತ್ತುವುದಿಲ್ಲ.

ನಮ್ಮ ಭಾಗದ ಒಬ್ಬ ರೈತರು ಎರಡೆಕರೆಗೆ ಮುಂಗಡ ಪಡೆದಿದ್ದರು. ಖರೀದಿ ಪತ್ರ ಇನ್ನೂ ಆಗಿರಲಿಲ್ಲ. ಅಷ್ಟರಲ್ಲೇ ಕೊಳ್ಳುವವರು ಜೆಸಿಬಿ ತಂದು ಅಜ್ಜನ ಕಾಲದ ನಾಲ್ಕು ಹುಣಸೆ ಮರ ಉರುಳಿಸಿದರು. ಅರಣ್ಯ ಸಿಬ್ಬಂದಿ ಬಂದು ವಿಚಾರಿಸಿದಾಗ ಪಹಣಿಯಲ್ಲಿ ಇದ್ದದ್ದು ರೈತರ ಹೆಸರೇ. ವರ್ಷ ವರ್ಷ ಬರುತ್ತಿದ್ದ ಹುಣಸೆಹಣ್ಣಿನ ಹಣ ಹೋಯಿತು, ಕಚೇರಿಗೆ ಅಲೆದಾಟ ಬಂತು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಲ್ಲಿ ಆಯಿತು. ಅದರ ಪ್ರಕಾರ ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು ವೃಕ್ಷಾಧಿಕಾರಿಗಳ ಅನುಮತಿ ಪಡೆಯಬೇಕು. ಸುಡುವುದು, ಬೇರೆ ರೀತಿ ಹಾನಿ ಮಾಡುವುದು ಕೂಡ ಕಡಿದಂತೆಯೇ. ಆದ್ದರಿಂದ ಬುಡಕ್ಕೆ ಬೆಂಕಿಯಿಟ್ಟು ಒಣಗಿಸಿದರೆ ತಪ್ಪು ತಪ್ಪುವುದಿಲ್ಲ. ಭೂ ಪರಿವರ್ತನೆಯ ಆದೇಶವೇ ಮರ ಕಡಿಯಲು ಅನುಮತಿಯಲ್ಲ. ಅದಕ್ಕೆ ಬೇರೆ ಅರ್ಜಿ ಕೊಡಬೇಕು.

ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೆ ಅಥವಾ ಮನೆಗೆ ಅಪಾಯವಿದ್ದರೆ ಅವು ಅನುಮತಿಗೆ ತಕ್ಕ ಕಾರಣಗಳು. ಹಳ್ಳಿಗಳಲ್ಲಿ ಉರುವಲು, ಮೇವು, ಬೇಸಾಯದ ಸಲಕರಣೆಗೆ ಬೇಕಾದ ಮರವೂ ಇದರಲ್ಲಿ ಸೇರುತ್ತದೆ. ಕಡಿದವರು ಅಧಿಕಾರಿಗಳು ಹೇಳಿದಷ್ಟು, ಹೇಳಿದ ಜಾತಿಯ ಸಸಿ ನೆಡತಕ್ಕದ್ದು.

ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸಿಡಿಯಾ ಮತ್ತು ನಮ್ಮ ಬಳ್ಳಾರಿ ಜಾಲಿಗೆ ಈ ಅನುಮತಿ ಬೇಕಿಲ್ಲ. ಪಟ್ಟಿಗೆ ಆಮೇಲೆ ತಿದ್ದುಪಡಿಗಳಾಗಿವೆ. ಆದ್ದರಿಂದ ಉಳಿದ ಜಾತಿಗಳ ಬಗ್ಗೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಬಳ್ಳಾರಿ ಜಾಲಿಯ ಹೆಸರಿನಲ್ಲಿ ಬೇರೆ ಮರಕ್ಕೆ ಕೊಡಲಿ ಹಾಕಬೇಡಿ. ಶ್ರೀಗಂಧಕ್ಕೆ ಬೇರೆ ನಿಯಮಗಳಿವೆ.

ಉಳಿಸಿದ ಮರವನ್ನು ಜೋಪಾನ ಮಾಡುವುದೂ ಅಷ್ಟೇ ಮುಖ್ಯ. ನೀರು ಹೀರುವ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಇದ್ದು, ಕೊಂಬೆಗಳ ನೆರಳಿನಿಂದ ಆಚೆಗೂ ಹರಡಿರುತ್ತವೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ನೆರಳಿನ ಅಂಚಿಗೆ ಬೇಲಿ ಹಾಕಿ. ಬೇಲಿಯೊಳಗೆ ಚರಂಡಿ ತೋಡುವುದು, ಬುಡಕ್ಕೆ ಮಣ್ಣು ಏರಿಸುವುದು, ಸುಣ್ಣ ಸಿಮೆಂಟು ಕಲಸುವುದು, ಲಾರಿ ನಿಲ್ಲಿಸುವುದು ಬೇಡ. ಬೇರಿಗೆ ಪೆಟ್ಟು ಬಿದ್ದ ಮರ ಆ ವರ್ಷ ಹಸಿರಾಗಿ ಕಂಡರೂ ಎರಡು ಮೂರು ಬೇಸಿಗೆಗಳಲ್ಲಿ ಒಣಗಬಹುದು.

ಹೊಲ ಮಾರುವವರು ಬದುವಿನ ಮರಗಳನ್ನು ಎಣಿಸಿ, ಜಾತಿ ಬರೆದು ಕರಾರು ಪತ್ರದಲ್ಲಿ ಸೇರಿಸಿ. ಖರೀದಿ ಪತ್ರವಾಗಿ, ಅನುಮತಿ ಪತ್ರ ಕೈಗೆ ಬರುವವರೆಗೆ ಒಂದು ಮರವನ್ನೂ ಮುಟ್ಟಬಾರದೆಂಬ ಮಾತೂ ಅದರಲ್ಲಿರಲಿ. ಬಾಯಿಮಾತಿಗೆ ಮರ ಒಪ್ಪಿಸಬೇಡಿ. ನಮ್ಮ ಬಿರು ಬಿಸಿಲಿನ ನಾಡಿನಲ್ಲಿ ಹುಣಸೆ ಮರವೊಂದು ತುಂಬಾ ಹಣ್ಣು ಬಿಡಲು ಹತ್ತಾರು ವರ್ಷ ಬೇಕು. ಜೆಸಿಬಿಗೆ ಹತ್ತು ನಿಮಿಷ ಸಾಕು.